ಡೆನ್ಮಾರ್ಕಿನ ದುಂಡು ಸೀಲು

"ಇದು ನನ್ನ ಸಹಿ ಅಲ್ಲ."

ಕಂಪ್ಯೂಟರ್ ಪರದೆಯ ಮೇಲಿದ್ದ, ಡೇನಿಶ್ ಕಂಪೆನಿಯ ಒಡತಿ ಗ್ರೆಟ್ಟಾ ಇಷ್ಟು ಹೇಳಿ ಕಾಫಿ ಲೋಟವನ್ನು ಕೆಳಗಿಟ್ಟಳು. ಡೆನ್ಮಾರ್ಕಿನಲ್ಲಿ ಆಗ ಬೆಳಗಿನ ಏಳೂವರೆ. ಒಮಾನಿನಲ್ಲಿ, ಮಸ್ಕತ್ ಅಂಚಿನ ಅಲ್ ಮವಾಲೇಹಿನಲ್ಲಿ, ಹತ್ತೂವರೆ. ಎಡ್ವರ್ಡಿನ ಆಫೀಸಿನ ಸಣ್ಣ ಕೋಣೆಯಲ್ಲಿ ಕೂತಿದ್ದ ಮೂವರೂ ಪರದೆಯ ಹತ್ತಿರಕ್ಕೆ ಬಗ್ಗಿದರು.

ಮೊದಲು ಸಾವರಿಸಿಕೊಂಡವಳು ಸ್ವರ್ಣಲತಾ. "ಇನ್ನೊಮ್ಮೆ ಸರಿಯಾಗಿ ನೋಡಿ ಹೇಳಿ ಮೇಡಂ. ನಿಮ್ಮ ಕಂಪೆನಿಯದೇ ಲೆಟರ್‌ಹೆಡ್. ಕೆಳಗೆ ನಿಮ್ಮದೇ ಹೆಸರು."

"ಹೆಸರು ನನ್ನದೇ. ಪತ್ರ ನನ್ನದಲ್ಲ. ನಾವು ಯಾಕೆ ಹಿಂದೆ ಸರಿಯುತ್ತೇವೆ? ಅರ್ಜಿ ವಾಪಸಾಗಿದೆ ಎಂದು ಪೋರ್ಟಲ್‌ನಿಂದ ಮೇಲ್ ಬಂದಾಗ, ಬೇಡವೆಂದದ್ದು ನೀವೇ ಅಂದುಕೊಂಡೆವು. ಇಡೀ ಆಫೀಸು ಎರಡು ದಿನ ಸಪ್ಪೆ ಮುಖ ಹಾಕಿಕೊಂಡಿತ್ತು."

ಎಡ್ವರ್ಡ್ ಎರಡೂ ಕೈಯಿಂದ ತಲೆ ಹಿಡಿದುಕೊಂಡ. "ಜೇಜು!" ಎಂದು ಯೇಸುವನ್ನು ಕರೆದ.

ಖಾಸಗಿ ಕಂಪೆನಿಗಳಿಗೆ ಯೂರೋಪಿನ ಅನುದಾನ ನೇರವಾಗಿ ಸಿಗುವಂತೆ ದಾರಿ ಮಾಡಿಕೊಡುವುದು ಎಡ್ವರ್ಡಿನ ಆಫೀಸಿನ ಕಸುಬು. ಅಲ್ಲಿಯ ಪಾಲುದಾರನನ್ನು ಹುಡುಕಬೇಕು, ಅರ್ಜಿ ಬರೆಯಬೇಕು, ದಿನ ಮೀರದಂತೆ ಪೋರ್ಟಲಿಗೆ ಏರಿಸಬೇಕು. ಖರ್ಜೂರದ ಬೀಜ ಸುಟ್ಟು ನೀರು ಸೋಸುವ ಇದ್ದಿಲು ಮಾಡುವ ನಿಜ್ವಾದ ಹಲೀಮಾಳ ಅರ್ಜಿ, ಪಾಲುದಾರರಾದ ಗ್ರೆಟ್ಟಾಳ ಕಂಪೆನಿಯವರೇ ಕೈಬಿಟ್ಟರೆನ್ನುವ ಈ ಒಂದು ಪತ್ರದಿಂದ ನೆಲಕಚ್ಚಿತ್ತು. ಅದೇ ಯೋಜನೆ ಇಬ್ರಿಯ ಬೇರೊಂದು ಕಂಪೆನಿಯ ಹೆಸರಿನಲ್ಲಿ ಅದೇ ವಾರ ಪೋರ್ಟಲ್ ಏರಿತ್ತು. ಪತ್ರ ಬಂದದ್ದು ಎಡ್ವರ್ಡಿನ ಆಫೀಸಿನಲ್ಲಿ ಅರ್ಜಿ ಬರೆದ ಶೈಲೇಶನ ಮೇಲ್‌ಗೆ. ಹಾಗಾಗಿ ಎಲ್ಲರ ಬೆರಳೂ ಅವನ ಕಡೆಗೆ.

ಶೈಲೇಶ ಸ್ವರ್ಣಲತಾಳ ಸತ್ತ ತಂಗಿಯ ಮಗ. ಏಳು ವರ್ಷದವನಿದ್ದಾಗಿನಿಂದ ಅವಳೇ ಅನ್ನ ಹಾಕಿ ಸಾಕಿದವನು. ಕಳ್ಳನೆಂದು ಅವನ ಹೆಸರಿನ ಹಿಂದೆ ಒಂದು ಪೊಲೀಸ್ ನಂಬರ್ ಬೀಳುವುದನ್ನು ನೆನೆಸಲೂ ಅವಳು ಒಪ್ಪುತ್ತಿರಲಿಲ್ಲ. ಗ್ರೆಟ್ಟಾಳ ಬಾಯಿಂದ ನಿಜ ಹೊರಟರೆ ಹುಡುಗ ಬಚಾವಾದಾನು ಎಂದು ಈ ಕರೆಯನ್ನು ಹಟ ಹಿಡಿದು ಮಾಡಿಸಿದವಳೂ ಅವಳೇ.

"ಅಂದರೆ," ಎಂದಳು ಹಲೀಮಾ ನಿಧಾನವಾಗಿ. ಅವಳದು ಇಂಗ್ಲಿಷು, ಸಿಟ್ಟು ಬಂದಾಗ ಹಿಂದಿ. ಈಗ ಹಿಂದಿ ಬಂತು. "ನಿನ್ನ ಹುಡುಗ ನನ್ನ ಯೋಜನೆ ಮಾರಿದ್ದಷ್ಟೇ ಅಲ್ಲ, ಸ್ವರ್ಣಾ. ಪತ್ರವನ್ನೂ ಅವನೇ ಹುಟ್ಟಿಸಿದ."

ಉಳಿಸಲಿಕ್ಕೆಂದು ಸ್ವರ್ಣಲತಾ ಎಳೆದ ಹಗ್ಗ ಹುಡುಗನ ಕೊರಳಿಗೇ ಬಿಗಿಯುತ್ತಿತ್ತು.

ಹಲೀಮಾ ಚೀಲದಿಂದ ಒಂದು ನೀಲಿ ಫೈಲು ತೆಗೆದು ಮೇಜಿನ ಮೇಲಿಟ್ಟಳು. ವಕೀಲರು ತಯಾರು ಮಾಡಿಕೊಟ್ಟ ದೂರು. ಸಹಿಯೊಂದು ಬಾಕಿ. "ಒಂದೂವರೆಯೊಳಗೆ ಇದು ಠಾಣೆಗೆ ಹೋಗುತ್ತದೆ. ಇವತ್ತು ಗುರುವಾರ, ನಾಳೆ ನಾಡಿದ್ದು ಶುಕ್ರ ಶನಿ ವಾರದ ರಜೆ. ಆ ಎರಡು ದಿನದಲ್ಲಿ ಅವನು ವಿಮಾನ ಹತ್ತಿದರೆ ನಾನು ಯಾರನ್ನು ಕೇಳಲಿ? ಇದು ಹೋದ ಮೇಲೆ ಅವನು ಈ ದೇಶ ಬಿಟ್ಟು ಹೊರಡುವ ಹಾಗಿಲ್ಲ. ಖಲಾಸ್."

"ಒಂದು ನಿಮಿಷ," ಎಂದು ಪರದೆಯ ಮೇಲಿಂದ ಗ್ರೆಟ್ಟಾ ಕೈಯೆತ್ತಿದಳು. ಪತ್ರದ ಸ್ಕ್ಯಾನನ್ನು ಅವಳು ದೊಡ್ಡದು ಮಾಡಿ ನೋಡುತ್ತಿದ್ದಳು. "ಇದರ ತಾರೀಕು ಅಕ್ಟೋಬರ್ ಹತ್ತೊಂಬತ್ತು. ಅವತ್ತು ಭಾನುವಾರ. ಭಾನುವಾರ ನಮ್ಮಲ್ಲಿ ಆಫೀಸಿನ ಬಾಗಿಲು ತೆಗೆಯುವವರೂ ಇರುವುದಿಲ್ಲ. ನಾನಂತೂ ದೋಣಿಯಲ್ಲಿದ್ದೆ."

"ನಮ್ಮಲ್ಲಿ ಭಾನುವಾರ ವಾರದ ಮೊದಲ ಕೆಲಸದ ದಿನ," ಎಂದಳು ಸ್ವರ್ಣಲತಾ, ಅರ್ಧ ತನಗೇ ಎಂಬಂತೆ.

"ಮತ್ತೆ ಈ ದುಂಡಗಿನದು ಏನು? ನೀಲಿ ಬಣ್ಣದ್ದು, ಸುತ್ತ ನಮ್ಮ ಹೆಸರು. ಚೆನ್ನಾಗಿದೆ, ಆದರೆ ಏನಿದು?"

ಮೂವರೂ ಮುಖ ಮುಖ ನೋಡಿಕೊಂಡರು. ಸೀಲು ಎಂದರೇನು ಎಂದು ಕೇಳುವ ಕಂಪೆನಿ ಮಾಲೀಕರನ್ನು ಕೊಲ್ಲಿಯಲ್ಲಿ ಯಾರೂ ಕಂಡಿರಲಿಕ್ಕಿಲ್ಲ.

"ನಿಮ್ಮ ಕಂಪೆನಿ ಸೀಲು ಮೇಡಂ," ಎಂದ ಎಡ್ವರ್ಡ್, ಸ್ವಲ್ಪ ತೊದಲುತ್ತಾ.

"ನಮ್ಮ ಹತ್ತಿರ ಸೀಲೇ ಇಲ್ಲ. ಇಪ್ಪತ್ತು ವರ್ಷದಲ್ಲಿ ಒಂದನ್ನೂ ಮಾಡಿಸಿಲ್ಲ. ಇದರ ಕೆಳಗೆ 'ಸಿ.ಆರ್. ನಂಬರ್' ಎಂದು ಬೇರೆ ಇದೆ. ಹಾಗೆಂದರೆ?"

ಸ್ವರ್ಣಲತಾ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸಿ.ಆರ್. ಎಂದರೆ ವ್ಯಾಪಾರ ನೋಂದಣಿ. ಒಮಾನಿನ ಯಾವ ಅಂಗಡಿಯ ಸೀಲನ್ನು ಬೇಕಾದರೂ ತಿರುಗಿಸಿ ನೋಡಿ, ಕೆಳಗೆ ಆ ಎರಡಕ್ಷರ ಇರುತ್ತದೆ. ಚಾದಂಗಡಿಯವನ ಸೀಲಿನಲ್ಲೂ ಇರುತ್ತದೆ. ಡೆನ್ಮಾರ್ಕಿನ ಕಂಪೆನಿಯ ಸೀಲಿನಲ್ಲಿ ಇರಲು ಸಾಧ್ಯವೇ ಇಲ್ಲ.

ಗ್ರೆಟ್ಟಾಗೆ ಕೆಲಸಕ್ಕೆ ಹೊತ್ತಾಗಿತ್ತು. ಬೇಕಾದಾಗ ಕರೆಯಿರಿ, ಎಲ್ಲಿ ಬೇಕಾದರೂ ಬರೆದುಕೊಡುತ್ತೇನೆ ಎಂದು ಹೇಳಿ ಪರದೆಯಿಂದ ಮಾಯವಾದಳು. ಹಲೀಮಾ ತಡವಾಗುತ್ತದೆಂದು ಮನೆಗೆ ಹೇಳಬೇಕೆಂದು ಫೋನ್ ಹಿಡಿದು ಹೊರಗಿನ ಓಣಿಗೆ ಹೋದಳು. ಅರಬ್ಬಿಯಲ್ಲಿ ಅವಳು ಸಿಟ್ಟಿನಿಂದ ಎಲ್ಲವನ್ನೂ ವಿವರಿಸುತ್ತಿರುವುದು ಬಾಗಿಲ ಸಂದಿಯಿಂದ ಕೇಳುತ್ತಿತ್ತು.

ಕೋಣೆಯಲ್ಲಿ ಇಬ್ಬರೇ ಉಳಿದರು. ಸ್ವರ್ಣಲತಾ ಎದ್ದು ಬಾಗಿಲು ಮುಂದೆ ಮಾಡಿ ಎಡ್ವರ್ಡಿನ ಎದುರಿನ ಕುರ್ಚಿಯಲ್ಲಿ ಕೂತಳು.

ಅವಳ ವಿಸಿಟಿಂಗ್ ಕಾರ್ಡಿನ ಮೇಲೆ 'ದಾಖಲೆ ಪರಿಶೀಲನೆ' ಎಂದಷ್ಟೇ ಇದೆ. ಪತ್ತೇದಾರಿ ಎಂದು ಬೋರ್ಡು ಹಾಕುವ ಧೈರ್ಯ ಅವಳಿಗಿಲ್ಲ, ಹಾಕುವ ಆಸೆಯೂ ಇಲ್ಲ. ಇನ್ಶೂರೆನ್ಸ್ ಕಂಪೆನಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಸುಳ್ಳು ಕ್ಲೇಮುಗಳ ಕಾಗದ ಮೂಸಿ ಮೂಸಿ, ಸುಳ್ಳು ಬರೆದವನ ಊಟದ ವಾಸನೆಯನ್ನೂ ಹೇಳಬಲ್ಲಳು ಎಂದು ಸಹೋದ್ಯೋಗಿಗಳು ಚೇಷ್ಟೆ ಮಾಡುತ್ತಿದ್ದರು.

"ಎಡ್ವರ್ಡ್ ಪೊರ್ಬುಗಳೇ," ಎಂದಳು. ಕ್ರೈಸ್ತರನ್ನು ಗೌರವದಿಂದ ಕರೆಯುವ ಊರಿನ ವರಸೆಯಲ್ಲಿ ಅವಳು ಹೀಗೆ ಕರೆದರೆ ಏನೋ ಕಾದಿದೆ ಎಂದೇ ಅರ್ಥ. "ಈ ಪತ್ರ ಯಾವಾಗ ಬಂತು?"

"ಭಾನುವಾರ ಅಲ್ವಾ? ನಾನು ಅವತ್ತೇ ಹೇಳಿದ್ದೇನಲ್ಲ."

"ಇದು ಭಾನುವಾರ ಬಂತು. ಇದಕ್ಕಿಂತ ಮೊದಲಿನದ್ದು?"

ಎಡ್ವರ್ಡಿನ ಕಣ್ಣು ಮೇಜಿನ ಮೇಲೆ ಅತ್ತಿತ್ತ ಓಡಿತು. "ಮೊದಲಿನದ್ದು ಎಂತದ್ದು? ಒಂದೇ ಪತ್ರ ಮಾರಾಯ್ರೆ."

"ನೋಡಿ ಇಲ್ಲಿ. ಮೊದಲನೇ ಸಾಲು ಓದಿ. 'ನೀವು ಕೇಳಿದ ಪ್ರಕಾರ ಪುನಃ ಕಳುಹಿಸುತ್ತಿದ್ದೇವೆ.' ಪುನಃ ಅಂದ್ರೆ ಎಂತ? ಮೊದಲು ಒಂದು ಬಂದಿರ್ಬೇಕಲ್ಲ? ಹತ್ತು ದಿನದಿಂದ ಈ ಸಾಲು ನಿಮ್ಮ ಕಣ್ಣೆದುರು ಉಂಟು. ನನಗೆ ನೀವು ಪತ್ರ ಕೊಟ್ಟದ್ದೇ ನಿನ್ನೆ ಸಂಜೆ."

ಅವನು ಪತ್ರವನ್ನು ಮಗುಚಿಟ್ಟ.

"ನನ್ನ ಹುಡುಗ ಇನ್ನು ಮೂರು ಗಂಟೆಯಲ್ಲಿ ಲಾಕಪ್ಪಿಗೆ ಹೋಗ್ತಾನೆ. ಆರು ವರ್ಷ ನಿಮ್ಮ ಕೈಕೆಳಗೆ ದುಡಿದಿದ್ದಾನೆ. ನಿಮ್ಮ ಇಸಾಬೆಲ್ಲಾ ಆಪರೇಶನ್ನಿಗೆ ರಕ್ತ ಕೊಟ್ಟವ ಯಾರು, ಅದನ್ನಾದ್ರೂ ನೆನಪು ಮಾಡ್ಕೊಳ್ಳಿ."

ಎಡ್ವರ್ಡಿನ ಮುಖ ಹುಳ್ಳಗಾಯಿತು. ಕಲ್ಯಾಣಪುರದ ಈ ಮನುಷ್ಯ ಅಷ್ಟು ಸುಲಭಕ್ಕೆ ಬಗ್ಗುವವನಲ್ಲ, ಆದರೆ ಹೆಂಡತಿಯ ಹೆಸರು ಬಂದ ಮೇಲೆ ಅವನ ಭುಜ ಇಳಿಯಿತು.

"ಗುರುವಾರ ಒಂದು ಬಂದಿತ್ತು ಸ್ವರ್ಣಕ್ಕ," ಎಂದ. "ಹದಿನಾರನೇ ತಾರೀಕು. ಇದೇ ಒಕ್ಕಣೆ, ಇದೇ ಸಹಿ. ಸೀಲು ಮಾತ್ರ ಇರ್ಲಿಲ್ಲ."

"ಆಮೇಲೆ?"

"ಆಮೇಲೆ ಎಂತ... ಸೀಲಿಲ್ಲದ ಪತ್ರ ಹಿಡ್ಕೊಂಡು ನಾನು ಹಲೀಮಾ ಮೇಡಂ ಎದುರು ಹೇಗೆ ಹೋಗ್ಲಿ? ಬ್ಯಾಂಕಿಗೆ ಆಗ್ಲಿ, ಮಿನಿಸ್ಟ್ರಿಗೆ ಆಗ್ಲಿ, ಇಲ್ಲಿ ಯಾರಾದ್ರೂ ಸೀಲಿಲ್ಲದ ಕಾಗದ ಮುಟ್ತಾರಾ? ನಾನು ಶೈಲೇಶನಿಗೆ ಹೇಳಿದೆ, ಸೀಲು ಹೊಡ್ದು ಕಳುಹಿಸ್ಲಿಕ್ಕೆ ಬರೆ ಅಂತ. ಪತ್ರ ಬಂದ ಮೇಲ್‌ಗೇ ಅವ ಉತ್ತರ ಬರೆದ. ಭಾನುವಾರ ಸೀಲಿನದ್ದು ಬಂತು."

ಸ್ವರ್ಣಲತಾ ಬೆರಗಾಗಿ ಅವನನ್ನೇ ನೋಡಿದಳು. "ಫೋನ್ ಮಾಡಿ ಕೇಳ್ಲಿಲ್ವಾ? ಒಂದು ಫೋನ್!"

"ಅವ್ರು ಕೈಬಿಟ್ರು ಅಂತ ನನಗೆ ಬೇಜಾರು. ಮರ್ಯಾದೆ ಬಿಟ್ಟು ನಾನೇ ಮೇಲೆ ಬಿದ್ದು ಮಾಡ್ಬೇಕಾ ಅಂತ..." ಅವನು ಮೇಜಿನ ಕ್ಯಾಲೆಂಡರನ್ನು ತನ್ನ ಕಡೆ ತಿರುಗಿಸಿಕೊಂಡ. "ಕೊನೇ ತಾರೀಕಿಗೆ ಆರು ದಿನ ಇತ್ತು. ಅದ್ರಲ್ಲಿ ಮೂರು ದಿನ ಸೀಲಿಗೋಸ್ಕರ ಕೂತೆ ನಾನು. ಮೊದಲನೇ ದಿನವೇ ಫೋನ್ ಮಾಡಿದ್ರೆ ಎಲ್ಲ ಉಳೀತಿತ್ತು. ಇದನ್ನು ಮೇಡಂಗೆ ಯಾವ ಬಾಯಿಂದ ಹೇಳ್ಲಿ? ಅದಕ್ಕೆ ಮುಚ್ಚಿಟ್ಟೆ."

"ಈಗ ನನಗೆ ಗೊತ್ತಾಯಿತು," ಎಂಬ ಧ್ವನಿ ಬಾಗಿಲಿನಿಂದ ಬಂತು.

ಹಲೀಮಾ ನಿಂತಿದ್ದಳು. ಅವಳಿಗೆ ಕನ್ನಡ ಬಾರದು. ಆದರೆ ತಿಳಿಯಲು ಎಡ್ವರ್ಡಿನ ಮುಖವೇ ಸಾಕಿತ್ತು, ಜೊತೆಗೆ 'ಸೀಲು', 'ಮೇಡಂ', 'ಫೋನ್' ಎಂಬ ಪದಗಳು. ಎಲ್ಲವನ್ನೂ ಹಿಂದಿಯಲ್ಲಿ ಇನ್ನೊಮ್ಮೆ ಹೇಳಿಸಿದಳು. ಹೇಳಿ ಮುಗಿಸುವಷ್ಟರಲ್ಲಿ ಎಡ್ವರ್ಡಿನ ಅಂಗಿಯ ಕಾಲರು ಒದ್ದೆಯಾಗಿತ್ತು.

"ಎರಡು ವರ್ಷ," ಎಂದಳು ಹಲೀಮಾ. "ಎರಡು ವರ್ಷ ಗಾಣದ ಎತ್ತಿನ ಹಾಗೆ ದುಡಿದೆ. ಒಂದು ಸೀಲಿಗಾಗಿ ನೀನು ಮೂರು ದಿನ ಕೂತೆಯಾ?"

ಸ್ವರ್ಣಲತಾಳಿಗೆ ಎಡ್ವರ್ಡಿನ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು. ಆದರೆ ಅದೇ ಹೊತ್ತಿಗೆ ಅವಳ ತಲೆಯೊಳಗೆ ಒಂದು ದೀಪವೂ ಹತ್ತಿತ್ತು.

"ಹಲೀಮಾ, ಕೇಳಿ ಇಲ್ಲಿ. ಎಡ್ವರ್ಡಿನ ಈ ಸೀಲಿನ ಹುಚ್ಚು ಶೈಲೇಶನಿಗೆ ಆರು ವರ್ಷದಿಂದ ಗೊತ್ತು. ಪತ್ರ ಹುಟ್ಟಿಸಿದವನು ಅವನೇ ಆಗಿದ್ದರೆ ಮೊದಲನೆಯದಕ್ಕೇ ಸೀಲು ಹೊಡೆಯುತ್ತಿದ್ದ. ಸೀಲಿಲ್ಲದ್ದನ್ನು ಕಳಿಸಿ ಬೈಸಿಕೊಳ್ಳುತ್ತಿರಲಿಲ್ಲ."

ಹಲೀಮಾಳ ಹುಬ್ಬು ಕೂಡಿತು. ಇದು ಅವಳು ಯೋಚಿಸಿರದ ಮಾತು.

"ಮೊದಲ ಪತ್ರ ಕಳಿಸಿದವನಿಗೆ ಎಡ್ವರ್ಡ್ ಎಂಥವನೆಂದು ಗೊತ್ತಿರಲಿಲ್ಲ. ಸೀಲು ಬೇಕು ಎಂದು ಈ ಕಡೆಯಿಂದ ಹೋದಾಗ ಡೆನ್ಮಾರ್ಕಿನವರಾಗಿದ್ದರೆ ನಕ್ಕು, ನಮ್ಮಲ್ಲಿ ಸೀಲಿಲ್ಲ ಎಂದು ಬರೆಯುತ್ತಿದ್ದರು. ಇವನು ಓಡಿಹೋಗಿ ಮಾಡಿಸಿಕೊಂಡು ಬಂದ. ಸೀಲು ಕೇಳುವುದು, ಮಾಡಿಸುವುದು ಇವನಿಗೆ ಸಹಜ. ಅಂದರೆ ಇಲ್ಲಿಯವನು. ಈ ಸೀಲು ಹುಟ್ಟಿದ್ದು ಮಸ್ಕತಿನಲ್ಲೇ."

"ಮಸ್ಕತಿನಲ್ಲಿ ಸೀಲು ಮಾಡುವವರು ನೂರು ಜನ ಇದ್ದಾರೆ."

"ಇರಬಹುದು. ಅವರೆಲ್ಲ ಹೆಸರಿನ ಎರಡೂ ಕೊನೆಗೆ ನಕ್ಷತ್ರ ಹಾಕುತ್ತಾರೆ." ಸ್ವರ್ಣಲತಾ ಪತ್ರವನ್ನು ಅವಳ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದಳು. "ಇಲ್ಲಿ ಐದೆಸಳಿನ ಪುಟ್ಟ ಹೂವಿದೆ. ಹೂವು ಹಾಕುವವನು ಒಬ್ಬನೇ. ರೂವಿಯಲ್ಲಿದ್ದಾನೆ. ಕಾರ್ಕಳದ ಕೊಗ್ಗಣ್ಣ. ಮಾಡಿಸಿದವರ ಗುರುತಿನ ಕಾರ್ಡಿನ ಜೆರಾಕ್ಸ್ ತನ್ನ ಪುಸ್ತಕಕ್ಕೆ ಸೇರಿಸದೆ ಅವನು ಯಾರಿಗೂ ಸೀಲು ಕೊಡುವುದಿಲ್ಲ."

ಹಲೀಮಾ ನೀಲಿ ಫೈಲು ತೆರೆದಳು. ಆರೋಪಿಯ ಹೆಸರಿದ್ದ ಸಾಲಿನ ಮೇಲೆ ಬೆರಳಿಟ್ಟಳು.

"ಒಂದು ಕರಾರು. ಅವನ ಪುಸ್ತಕದಲ್ಲಿ ಯಾರ ಕಾರ್ಡು ಇದೆಯೋ ಆ ಹೆಸರು ಇಲ್ಲಿ ಬರುತ್ತದೆ. ಬೇರೆ ಯಾರಾದರೂ ಆದರೆ ಶೈಲೇಶನ ಹೆಸರು ಹೊಡೆದುಹಾಕುತ್ತೇನೆ, ಅವನ ಮನೆಗೆ ಹೋಗಿ ಕ್ಷಮೆ ಕೇಳುತ್ತೇನೆ. ಆದರೆ ಯಾರೇ ಆಗಿರಲಿ, ನೀನು ಸಾಕ್ಷಿಯಾಗಿ ಸಹಿ ಹಾಕಬೇಕು. ಯಾರೇ ಆಗಿರಲಿ. ಒಪ್ಪಿಗೆಯಾ?"

"ಒಪ್ಪಿಗೆ," ಎಂದಳು ಸ್ವರ್ಣಲತಾ. ಹಿಂದೆಮುಂದೆ ನೋಡಲಿಲ್ಲ. ಇಪ್ಪತ್ತೆರಡು ವರ್ಷದ ಅನುಭವ ಇದ್ದರೂ ಮನುಷ್ಯರಿಗೆ ಇಂಥ ಗಳಿಗೆಯಲ್ಲಿ ಬುದ್ಧಿ ಕೈಕೊಡುತ್ತದೆ.

ಎಡ್ವರ್ಡನನ್ನು ಆಫೀಸಿನಲ್ಲೇ ಬಿಟ್ಟು ಇಬ್ಬರೂ ಸ್ವರ್ಣಲತಾಳ ಹಳೇ ಕಾರಿನಲ್ಲಿ ಹೊರಟರು. ಕಾರು ಹತ್ತುವಾಗ ಹಲೀಮಾ ಮನೆಗೊಂದು ಮೆಸೇಜ್ ಹಾಕಿದಳು. ತರಕಾರಿ ಮಾರ್ಕೆಟ್ಟಿನ ಲಾರಿಗಳ ನಡುವಿನಿಂದ ಹೆದ್ದಾರಿ ಹತ್ತುವಷ್ಟರಲ್ಲಿ ಹನ್ನೊಂದೂವರೆ. ಗುರುವಾರದ ಮಧ್ಯಾಹ್ನವೆಂದರೆ ಇಡೀ ಮಸ್ಕತ್ ವಾರದ ಕೆಲಸ ಮುಗಿಸಲು ರಸ್ತೆಗೆ ಇಳಿದಿರುತ್ತದೆ. ಹಲೀಮಾ ಫೈಲನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಆ ಅನುದಾನ ಬಂದಿದ್ದರೆ ಕಾರ್ಖಾನೆ ನನ್ನ ಹೆಸರಿನಲ್ಲೇ ಉಳಿಯುತ್ತಿತ್ತು," ಎಂದಳು ಒಮ್ಮೆ. "ಈಗ ಮನೆಯವರು ಹೇಳಿದಂತೆ ಕೇಳಬೇಕು. ಹೆಣ್ಣಿಗೆ ಯಾಕೆ ಇದ್ದಿಲು ಮಸಿ ಎನ್ನುತ್ತಾರೆ."

ಸ್ವರ್ಣಲತಾಳಿಗೆ ಅವಳ ಮೇಲೆ ಕನಿಕರವಾಯಿತು. ಆದರೂ ಒಳಗೊಳಗೆ ಎದೆ ಹಗುರಾಗಿತ್ತು. ಹುಡುಗ ತಪ್ಪು ಮಾಡಿಲ್ಲ. ಇನ್ನು ಒಂದು ಗಂಟೆ, ಅಷ್ಟೇ. ಸಂಜೆ ಘುಬ್ರಾದ ಅವನ ಮನೆಗೆ ಹೋಗಿ, ಅವನ ಹೆಂಡತಿ ಭವ್ಯಶ್ರೀ ಕೈಯಲ್ಲಿ ನೀರ್‌ದೋಸೆ ಮಾಡಿಸಿ, ಮೂವರೂ ಕೂತು ತಿನ್ನಬೇಕು. ಆ ಮನೆಯಲ್ಲಿ ಹತ್ತು ದಿನದಿಂದ ಯಾರೂ ನೆಟ್ಟಗೆ ಊಟ ಮಾಡಿಲ್ಲ.

ರೂವಿಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕಿ ಹುಡುಕಿ, ಕೊಗ್ಗಣ್ಣನ ಅಂಗಡಿ ಮುಟ್ಟುವಾಗ ಹನ್ನೆರಡೂ ಇಪ್ಪತ್ತು. ಎರಡು ಆಳು ನಿಂತರೆ ತುಂಬಿಹೋಗುವ ಅಂಗಡಿ. ಗೋಡೆಯ ತುಂಬ ಮರದ ಹಿಡಿಯ ಸೀಲುಗಳು, ಮೇಜಿನ ಮೇಲೆ ರಬ್ಬರ್ ಸುಟ್ಟ ವಾಸನೆ ಹೊಡೆಯುವ ಯಂತ್ರ.

"ಓ ಸ್ವರ್ಣಕ್ಕ! ದಾನೆ, ಎಂಚಿನ ಸಂಗತಿ?" ಏನು ಸಮಾಚಾರವೆಂದು ತುಳುವಿನಲ್ಲಿ ಕೇಳುತ್ತಾ ಕೊಗ್ಗಣ್ಣ ಕನ್ನಡಕ ಹಣೆಗೇರಿಸಿ ನಕ್ಕ. ಮೂವತ್ತು ವರ್ಷದಿಂದ ಅಲ್ಲೇ ಕೂತು ಅವನ ಬೆನ್ನು ಬಿಲ್ಲಿನಂತೆ ಬಾಗಿತ್ತು.

"ಹಿಂದಿಯಲ್ಲಿ," ಎಂದಳು ಹಲೀಮಾ. "ನನಗೂ ತಿಳಿಯಬೇಕು."

ಸ್ವರ್ಣಲತಾ ಪತ್ರವನ್ನು ಮುಂದಿಟ್ಟಳು. ಕೊಗ್ಗಣ್ಣ ಕನ್ನಡಕ ಇಳಿಸಿ ಒಂದು ನೋಟ ನೋಡಿದ್ದೇ ತಡ, "ನನ್ನದೇ ಕೆಲಸ," ಎಂದ ಹೆಮ್ಮೆಯಿಂದ. "ಹೂವು ನೋಡಿ ಹೂವು. ಯಾವುದೋ ಫಾರಿನ್ ಹೆಸರು. ಸಿ.ಆರ್. ನಂಬರ್ ಜಾಗದಲ್ಲಿ ಏನು ಹಾಕಬೇಕೆಂದು ಕೇಳಿದ್ದಕ್ಕೆ ಅವರು ಯಾರಿಗೋ ಫೋನ್ ಮಾಡಿ ಒಂದು ನಂಬರ್ ಹೇಳಿದರು. ಏನಾದರೂ ತಪ್ಪಾಗಿದೆಯಾ?"

"ನಿಮ್ಮ ಪುಸ್ತಕ ತೆಗೀರಿ."

ಹೊಸ ಸೀಲಿನ ಮೊದಲ ಅಚ್ಚನ್ನು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಒತ್ತಿ, ಪಕ್ಕದಲ್ಲಿ ಕಾರ್ಡಿನ ಜೆರಾಕ್ಸ್ ಪಿನ್ನು ಹೊಡೆದು ಇಡುವುದು ಕೊಗ್ಗಣ್ಣನ ಕ್ರಮ. ಅವನು ಎಂಜಲು ಹಚ್ಚಿ ಹಾಳೆ ತಿರುವಿದ. ಅಕ್ಟೋಬರ್ ಇಪ್ಪತ್ತು, ಹತ್ತೊಂಬತ್ತು, ಹದಿನೆಂಟು.

"ಇಲ್ಲಿದೆ."

ಹದಿನೆಂಟು, ಶನಿವಾರ. ಅದೇ ದುಂಡು ಸೀಲು, ಅದೇ ಹೂವು. ಸ್ವರ್ಣಲತಾ ಗೆದ್ದ ಖುಷಿಯಲ್ಲಿ ಪಕ್ಕದ ಜೆರಾಕ್ಸನ್ನು ಬೆರಳಿನಿಂದ ನೆಟ್ಟಗೆ ಮಾಡಿದಳು.

ಆ ಮುಖವನ್ನು ಅವಳು ಒಮ್ಮೆ ನೋಡಿದಳು. ಕಣ್ಣು ಮುಚ್ಚಿ ತೆರೆದು ಇನ್ನೊಮ್ಮೆ ನೋಡಿದಳು. ಸುತ್ತಲಿನ ಸೀಲುಗಳೆಲ್ಲ ತನ್ನ ಮೇಲೆ ಕುಸಿದು ಬೀಳುತ್ತಿವೆಯೇನೋ ಎನಿಸಿ ಗೋಡೆಗೆ ಕೈ ಕೊಟ್ಟಳು.

ಅವಳ ಭುಜದ ಮೇಲಿನಿಂದ ಬಗ್ಗಿ ಹಲೀಮಾ ಹೆಸರನ್ನು ಗಟ್ಟಿಯಾಗಿ ಓದಿದಳು. "ಭವ್ಯಶ್ರೀ. ಭವ್ಯಶ್ರೀ ಶೈಲೇಶ್."

"ನಿಮ್ಮ ಸೊಸೆಯೇ ಅಲ್ಲವಾ ಅಕ್ಕ?" ಕೊಗ್ಗಣ್ಣನಿಗೆ ಪಾಪ, ಏನೂ ಗೊತ್ತಿಲ್ಲ. "ಸ್ವರ್ಣಕ್ಕನ ಮನೆಯವಳು ಎಂದು ಹೇಳಿದಳು. ಅದಕ್ಕೇ ನಾನು ಕಂಪೆನಿಯ ಪೇಪರ್ ಕೇಳಲಿಲ್ಲ, ಕಾರ್ಡು ಮಾತ್ರ ತೆಗೆದುಕೊಂಡೆ. ಸೀಲು ಹಿಡಿಯುವಾಗ ಹುಡುಗಿಯ ಕೈ ನಡುಗುತ್ತಿತ್ತು. ಜ್ವರವಾ ಮಗಳೇ ಎಂದು ಕೇಳಿದೆ. ಅತ್ತೇಬಿಟ್ಟಳು."

"ಅತ್ತಳಾ?" ಸ್ವರ್ಣಲತಾ ಜೆರಾಕ್ಸಿನಿಂದ ಕಣ್ಣೆತ್ತಿದಳು.

"ಬೇಗ ಮಾಡಿಕೊಡಿ, ಹೊರಗೆ ಕಾಯುತ್ತಿದ್ದಾರೆ ಎಂದಳು. ಯಾರು ಎಂದು ನಾನು ಕೇಳಲಿಲ್ಲ."

ಭವ್ಯಶ್ರೀ! ಇರುವೆ ತುಳಿದರೂ ಅಯ್ಯೋ ಎನ್ನುವ ಹುಡುಗಿ. ಹತ್ತು ದಿನದಿಂದ ಗಂಡನ ಪಕ್ಕದಲ್ಲಿ ಕೂತು ಕಣ್ಣೀರು ಹಾಕುತ್ತಿದ್ದವಳು. ಕಳೆದ ಭಾನುವಾರ ಸ್ವರ್ಣಲತಾಳ ಕೈ ಹಿಡಿದು, "ಹೇಗಾದ್ರೂ ಮಾಡಿ ಇವ್ರನ್ನು ಬಿಡಿಸಿ ದೊಡ್ಡಮ್ಮ," ಎಂದವಳು. ಆ ಕೈಯಲ್ಲೇ ಈ ಸೀಲು ಇತ್ತೇ? ನಂಬಲಿಕ್ಕೆ ಆಗಲಿಲ್ಲ. ನಂಬದಿರಲಿಕ್ಕೆ ದಾರಿಯೂ ಇರಲಿಲ್ಲ.

ಹಲೀಮಾ ಮೇಜಿನ ಮೇಲೆ ಫೈಲು ಬಿಡಿಸಿದಳು. ಕೊಗ್ಗಣ್ಣನ ಪೆನ್ನನ್ನೇ ತೆಗೆದುಕೊಂಡಳು. ಶೈಲೇಶನ ಹೆಸರನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ ಇನ್ನೊಂದು ಹೆಸರು ಬರೆದಳು.

"ಗಂಡ ಹೆಂಡತಿ ಇಬ್ಬರೂ," ಎಂದಳು. ಅವಳ ಧ್ವನಿಯಲ್ಲಿ ಗೆಲುವಿರಲಿಲ್ಲ, ನೋವಿತ್ತು. "ನಾನು ಬೇರೆ ಯಾರದೋ ಹೆಸರು ಬರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ ಸ್ವರ್ಣಾ. ಸಹಿ ಹಾಕು. ಮಾತು ಕೊಟ್ಟಿದ್ದೀಯ."

"ಒಂದು ಫೋನ್ ಮಾಡಲು ಬಿಡಿ. ಒಂದೇ ಒಂದು."

"ಓಡಿಹೋಗಿ ಎಂದು ಹೇಳಲಿಕ್ಕಾ?"

"ನಿಮ್ಮೆದುರೇ ಮಾಡುತ್ತೇನೆ."

ಹಲೀಮಾ ಗಡಿಯಾರ ನೋಡಿದಳು. ಹನ್ನೆರಡೂ ಮುಕ್ಕಾಲು. ತಲೆಯಾಡಿಸಿದಳು.

ಮೊದಲನೆ ರಿಂಗಿಗೇ ಶೈಲೇಶ ಎತ್ತಿದ. "ದೊಡ್ಡಮ್ಮ! ಎಂತ ಆಯ್ತು? ಒಳ್ಳೇ ಸುದ್ದಿಯಾ?"

ಸ್ವರ್ಣಲತಾ ಕಣ್ಣು ಮುಚ್ಚಿಕೊಂಡಳು. "ಭವ್ಯನಿಗೆ ಕೊಡು ಮಗ."

"ಭವ್ಯನಿಗಾ?" ಹುಡುಗ ಗಲಿಬಿಲಿಗೊಂಡ. "ಅವಳು ನಿಮ್ಮ ಹತ್ರಕ್ಕೇ ಹೊರಟದ್ದಲ್ವಾ?"

"ನನ್ನ ಹತ್ರ?"

"ನೀವು ಗಾಡಿ ಕಳ್ಸಿದ್ರಲ್ಲ ದೊಡ್ಡಮ್ಮ. ಈಗ ಹತ್ತು ನಿಮಿಷ ಆಯ್ತು. ದೊಡ್ಡಮ್ಮ ಸೀಲಿನಂಗಡಿಯಲ್ಲಿದ್ದಾರೆ, ನಿಮ್ಮ ಸಹಿ ಬೇಕಂತೆ ಅಂತ ಡ್ರೈವರ್ ಬಂದು ಹೇಳಿದ. ಅವಳಿಗೆ ಹೋಗ್ಲಿಕ್ಕೆ ಮನಸ್ಸೇ ಇರ್ಲಿಲ್ಲ. ದೊಡ್ಡಮ್ಮ ಕರ್ದಿದ್ದಾರೆ, ಹೋಗು ಅಂತ ನಾನೇ ಒತ್ತಾಯ ಮಾಡಿ ಕಳ್ಸಿದೆ."

ಸ್ವರ್ಣಲತಾ ಯಾವ ಗಾಡಿಯನ್ನೂ ಕಳಿಸಿರಲಿಲ್ಲ. ಸೀಲಿನಂಗಡಿಗೆ ಹೋಗುವ ಮಾತು ಬಂದದ್ದು ಎಡ್ವರ್ಡಿನ ಕೋಣೆಯಲ್ಲಿ, ಅದೂ ಮೂರೇ ಜನರ ನಡುವೆ.

"ನೀವು ಕಳ್ಸಿದ್ದಲ್ವಾ?" ಶೈಲೇಶನ ಧ್ವನಿ ಏರಿತು. "ದೊಡ್ಡಮ್ಮ? ಮಾತಾಡಿ ದೊಡ್ಡಮ್ಮ! ನೀವಲ್ದಿದ್ರೆ ಮತ್ತೆ ಯಾರು?"

"ಏನಂದ?" ಎಂದಳು ಹಲೀಮಾ.

ಸುಳ್ಳು ಹೇಳಬಹುದಿತ್ತು. ಹಲೀಮಾಳಿಗೆ ಒಂದಕ್ಷರ ಅರ್ಥವಾಗಿರಲಿಲ್ಲ. ಸ್ವರ್ಣಲತಾ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಇದ್ದದ್ದನ್ನು ಇದ್ದಂತೆ ಹಿಂದಿಯಲ್ಲಿ ಹೇಳಿದಳು.

"ನಾಟಕ," ಎಂದು ಹಲೀಮಾ ಫೋನನ್ನು ಅವಳ ಕೈಯಿಂದ ಕಿತ್ತುಕೊಂಡಳು. ಸ್ಪೀಕರಿಗೆ ಹಾಕಿ ಇಂಗ್ಲಿಷಿನಲ್ಲಿ ಗದರಿದಳು. "ಶೈಲೇಶ್, ನಾನು ಹಲೀಮಾ. ಹೆಂಡತಿಯನ್ನು ಎಲ್ಲಿ ಬಚ್ಚಿಟ್ಟಿದ್ದೀಯಾ? ಯಾವ ಗಾಡಿ? ಗಾಡಿಯ ಗುರುತು ಹೇಳು ನೋಡೋಣ!"

"ಬಿಳಿ ಲ್ಯಾಂಡ್ ಕ್ರೂಸರ್ ಮೇಡಂ," ಎಂದ ಶೈಲೇಶ, ಅಳು ಒತ್ತಿ ಹಿಡಿದ ದನಿಯಲ್ಲಿ. "ಬಾಲ್ಕನಿಯಿಂದ ನೋಡಿದೆ. ಅಂಥ ನಂಬರ್ ಯಾರೂ ಮರೆಯುವುದಿಲ್ಲ. ನಾಲ್ಕೂ ಏಳು. ಏಳು ಏಳು ಏಳು ಏಳು."

ಹಲೀಮಾಳ ಕೈಯಲ್ಲಿದ್ದ ಪೆನ್ನು ದೂರಿನ ಹಾಳೆಯ ಮೇಲೆ ಬಿದ್ದು ಉರುಳಿತು.

"ಏನಾಯಿತು ಹಲೀಮಾ?"

ಕೊಗ್ಗಣ್ಣ ಗಾಬರಿಯಿಂದ ಸ್ಟೂಲು ಎಳೆದುಕೊಟ್ಟ. ಹಲೀಮಾ ಅದರ ಮೇಲೆ ಕುಸಿದು ಕೂತು, ಸ್ವರ್ಣಲತಾಳ ಕೈಯನ್ನು ಮಣಿಕಟ್ಟಿನ ಹತ್ತಿರ ಬಿಗಿಯಾಗಿ ಹಿಡಿದುಕೊಂಡಳು.

"ಆ ಗಾಡಿ ನನ್ನದು ಸ್ವರ್ಣಾ," ಎಂದಳು. "ಬೆಳಿಗ್ಗೆ ವಕೀಲರ ಜೊತೆ ಹೊರಡುವಾಗ ಕೀಲಿಕೈಯನ್ನು ನಿಜ್ವಾದ ನಮ್ಮ ಮನೆಯಲ್ಲೇ ಬಿಟ್ಟು ಬಂದಿದ್ದೆ. ಸೀಲಿನಂಗಡಿಗೆ ಹೋಗುತ್ತೇವೆಂದು ಮೆಸೇಜ್ ಹಾಕಿದ್ದೂ ಆ ಮನೆಗೇ."